ತಪಸ್ಸು ಕಾಲಕ್ಕೆ ಏನು ಬಿಡಬೇಕು? ಮೊದಲು ಯಾರಿಗಾಗಿ ಅಂತ ನೋಡಿ

ಈಸ್ಟರ್ ಹಬ್ಬಕ್ಕೆ ಮುಂಚಿನ ನಲವತ್ತು ದಿನಗಳಿಗೆ ನಾವು ಕ್ರೈಸ್ತರು ತಪಸ್ಸು ಕಾಲ ಅನ್ನುತ್ತೇವೆ. ಅದು ಹತ್ತಿರ ಬಂದರೆ ಸಾಕು, ನಮ್ಮ ಮನೆಗಳಲ್ಲಿ ಒಂದೇ ಮಾತು: "ಈ ಸಲ ಏನು ಬಿಡ್ತಿದ್ದೀಯ?" ಒಬ್ಬರು ಮಾಂಸ ಅಂತಾರೆ, ಒಬ್ಬರು ಸಿಹಿ ಅಂತಾರೆ, ಇನ್ನೊಬ್ಬರು ಸಂಜೆಯ ಸೀರಿಯಲ್. ಮಕ್ಕಳದ್ದು ಯಾವಾಗಲೂ ಚಾಕೊಲೇಟ್. ಬಿಡುವುದೇನೋ ಬಿಡುತ್ತೇವೆ, ಕಷ್ಟಪಟ್ಟೇ ಬಿಡುತ್ತೇವೆ. ಆದರೆ ಈಸ್ಟರ್ ದಿನ ಯಾರಾದರೂ ಬಂದು "ನೀವು ಬಿಟ್ಟಿದ್ದರಿಂದ ಯಾರಿಗೆ ಏನು ಒಳ್ಳೇದಾಯ್ತು?" ಅಂತ ಕೇಳಿದರೆ ತುಂಬಾ ಜನರ ಹತ್ತಿರ ಉತ್ತರ ಇರುವುದಿಲ್ಲ.

ಏನನ್ನೋ ಬಿಟ್ಟ ಮಾತ್ರಕ್ಕೆ ಕರುಣೆ ತಾನಾಗೇ ಹುಟ್ಟುವುದಿಲ್ಲ. ಹಸಿವು ಕೆಲವರನ್ನು ಮೆತ್ತಗೆ ಮಾಡುತ್ತದೆ, ಕೆಲವರನ್ನು ಸಿಡುಕು ಮಾಡುತ್ತದೆ. "ನಾನು ಇಷ್ಟು ಬಿಟ್ಟೆ" ಅನ್ನುವ ಹೆಮ್ಮೆಯೂ ಸದ್ದಿಲ್ಲದೆ ಒಳಗೆ ಬಂದು ಕೂರುತ್ತದೆ. ಇದನ್ನೆಲ್ಲ ದಾಟಲು ನನಗೆ ಕಂಡ ದಾರಿ ಒಂದೇ. ಬಿಡುವ ವಸ್ತುವನ್ನು ಆಮೇಲೆ ಆರಿಸಿ, ಮನುಷ್ಯರನ್ನು ಮೊದಲು ಆರಿಸಿ. ಯಾರ ಕೊರತೆಯನ್ನು ಸ್ವಲ್ಪವಾದರೂ ಹಂಚಿಕೊಳ್ಳಬೇಕು ಅಂತ ಗೊತ್ತಾದರೆ, ಏನು ಬಿಡಬೇಕು ಅನ್ನುವುದು ತಾನಾಗೇ ಗೊತ್ತಾಗುತ್ತದೆ.

ಇದನ್ನು ಕ್ರೈಸ್ತರಿಗಾಗಿ ಬರೆಯುತ್ತಿದ್ದೇನೆ. ಆದರೆ ಏಕಾದಶಿಗೆ ಉಪವಾಸ ಇರುವವರು, ಶನಿವಾರ ಒಪ್ಪತ್ತು ಮಾಡುವವರು, ರೋಜಾ ಹಿಡಿಯುವವರು ಓದಿದರೂ ಕೆಲಸಕ್ಕೆ ಬರುತ್ತದೆ ಅಂತ ನಂಬಿದ್ದೇನೆ. 2025ರಲ್ಲಂತೂ ರಂಜಾನ್ ತಿಂಗಳೂ ನಮ್ಮ ತಪಸ್ಸು ಕಾಲವೂ ಮಾರ್ಚ್ ಮೊದಲ ವಾರದಲ್ಲೇ ಶುರುವಾದವು. ಒಂದೇ ಬೀದಿಯ ಎರಡು ಮನೆಯವರು ಒಂದೇ ಬಿಸಿಲಲ್ಲಿ ಹಸಿದಿದ್ದರು.

ನಿಯಮ ಇಷ್ಟೇ

ತಪಸ್ಸು ಕಾಲ ಶುರುವಾಗುವ ಬೂದಿ ಬುಧವಾರದಿಂದ ಈಸ್ಟರ್ ಹಿಂದಿನ ದಿನದವರೆಗೆ ಎಣಿಸಿದರೆ 46 ದಿನ. ಭಾನುವಾರಗಳು ಉಪವಾಸದ ದಿನಗಳಲ್ಲ, ಅವನ್ನು ಕಳೆದರೆ 40. ಯೇಸುಸ್ವಾಮಿ ಮರುಭೂಮಿಯಲ್ಲಿ ಕಳೆದ ನಲವತ್ತು ದಿನಗಳ ನೆನಪಿಗೆ ಈ ಲೆಕ್ಕ. 2027ರಲ್ಲಿ ಬೂದಿ ಬುಧವಾರ ಫೆಬ್ರವರಿ 10ಕ್ಕೆ, ಈಸ್ಟರ್ ಮಾರ್ಚ್ 28ಕ್ಕೆ.

ಕಥೋಲಿಕರಿಗೆ ಕಡ್ಡಾಯ ಉಪವಾಸ ಎರಡೇ ದಿನ, ಬೂದಿ ಬುಧವಾರ ಮತ್ತು ಯೇಸುಸ್ವಾಮಿ ಶಿಲುಬೆಗೇರಿದ ಶುಭ ಶುಕ್ರವಾರ. 18 ತುಂಬಿದವರಿಂದ 59 ವರ್ಷದವರೆಗೆ ಇದು ಅನ್ವಯ. ಒಂದು ಪೂರ್ತಿ ಊಟ, ಬೇಕಿದ್ದರೆ ಇನ್ನೆರಡು ಹೊತ್ತು ಸ್ವಲ್ಪ ಸ್ವಲ್ಪ. 14 ತುಂಬಿದವರು ಬೂದಿ ಬುಧವಾರ ಮತ್ತು ತಪಸ್ಸು ಕಾಲದ ಶುಕ್ರವಾರಗಳಲ್ಲಿ ಮಾಂಸ ಮುಟ್ಟಬಾರದು. ಇದಕ್ಕಿಂತ ಜಾಸ್ತಿ ಮಾಡುವುದೆಲ್ಲ ಅವರವರ ಮನಸ್ಸಿಗೆ ಬಿಟ್ಟದ್ದು.

ಕಾಯಿಲೆ ಇರುವವರು, ಬಸುರಿಯರು, ಬಾಣಂತಿಯರು ಉಪವಾಸ ಮಾಡಬೇಕಿಲ್ಲ, ಚರ್ಚಿನ ನಿಯಮವೇ ಹಾಗಿದೆ. ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳದೆ ಊಟ ಬಿಡಲೇಬೇಡಿ. ಗದ್ದೆಯಲ್ಲಿ, ಕಟ್ಟಡದ ಕೆಲಸದಲ್ಲಿ ಮೈಮುರಿದು ದುಡಿಯುವವರು ಮಾರ್ಚ್ ಬಿಸಿಲಲ್ಲಿ ಖಾಲಿ ಹೊಟ್ಟೆಯಲ್ಲಿರುವುದು ಬೇಡ. ನೀರಂತೂ ಯಾರೂ ಬಿಡಬಾರದು. ಊಟ ಬಿಡಲಾಗದವರಿಗೆ ಬೇರೆ ದಾರಿಗಳಿವೆ, ಮುಂದೆ ಹೇಳುತ್ತೇನೆ.

ಒಬ್ಬರನ್ನು ಆರಿಸಿ, ಹೆಸರು ತಿಳಿದುಕೊಳ್ಳಿ

ಬೂದಿ ಬುಧವಾರಕ್ಕೆ ಒಂದು ವಾರ ಮುಂಚೆಯೇ ಇದನ್ನು ಶುರು ಮಾಡಿ. ನೀವು ದಿನಾ ಓಡಾಡುವ ದಾರಿಯಲ್ಲಿ ಯಾರ್ಯಾರಿದ್ದಾರೆ ಅಂತ ಸುಮ್ನೆ ಗಮನಿಸುತ್ತಾ ಹೋಗಿ. "ಬಡವರು" ಅಂತ ಒಟ್ಟಾಗಿ ಯೋಚಿಸಬೇಡಿ, ಅದರಲ್ಲಿ ಯಾರ ಮುಖವೂ ಕಾಣುವುದಿಲ್ಲ. ಒಬ್ಬರು ಸಾಕು.

ಬೆಳಿಗ್ಗೆ ನೀವು ಬಾಗಿಲು ತೆಗೆಯುವಷ್ಟರಲ್ಲಿ ಅರ್ಧ ಬೀದಿ ಗುಡಿಸಿ ಮುಗಿಸಿರುವ ಪೌರಕಾರ್ಮಿಕ ಮಹಿಳೆ. ಅವರು ಎಷ್ಟು ಹೊತ್ತಿಗೆ ಮನೆ ಬಿಟ್ಟಿರುತ್ತಾರೆ, ಏನಾದರೂ ಕುಡಿದು ಬಂದಿರುತ್ತಾರಾ? ಮೈಸೂರಿನ ದೇವರಾಜ ಮಾರುಕಟ್ಟೆ ಹೊರಗೆ ಗೋಣಿ ಹಾಸಿ ಸೊಪ್ಪಿನ ಕಂತೆ ಇಟ್ಟುಕೊಂಡು ಕೂತ ಅಜ್ಜಿ, ಎರಡು ಗಂಟೆ ಬಿಸಿಲಿಗೆ ಸೊಪ್ಪಿನ ಮೇಲೆ ನೀರು ಚಿಮುಕಿಸುತ್ತಾರಲ್ಲ, ಅವರ ತಲೆ ಮೇಲೆ ಏನಿದೆ? ಮಂಡ್ಯದ ಕಡೆಯವರಾದರೆ ಆಲೆಮನೆ ಕಡೆ ಒಮ್ಮೆ ನಡೆಯಿರಿ. ಬೆಲ್ಲದ ಕೊಪ್ಪರಿಗೆ ಕೆಳಗಿನ ಒಲೆಗೆ ಒಣಗಿದ ಕಬ್ಬಿನ ಸಿಪ್ಪೆ ತಳ್ಳುವವರು ಹೊರಗಿನ ಬಿಸಿಲನ್ನೂ ಒಲೆಯ ಬಿಸಿಯನ್ನೂ ಒಟ್ಟಿಗೆ ತಿನ್ನುತ್ತಿರುತ್ತಾರೆ. ಅವರಲ್ಲಿ ಎಷ್ಟೋ ಜನ ದೂರದ ಊರುಗಳಿಂದ ಬಂದವರು, ಹೆಂಡತಿ ಮಕ್ಕಳ ಮುಖ ನೋಡಿ ತಿಂಗಳುಗಳಾಗಿರುತ್ತವೆ.

ಕೊರತೆ ಅಂದರೆ ಅನ್ನದ್ದೇ ಆಗಬೇಕಿಲ್ಲ. ಮೈಸೂರಿನ ಹಳೇ ಬಡಾವಣೆಗಳಲ್ಲಿ ದೊಡ್ಡ ಮನೆ, ಮುಂದೆ ಪಾರಿಜಾತದ ಗಿಡ, ಒಳಗೆ ಒಬ್ಬರೇ ಅಜ್ಜ ಅಥವಾ ಅಜ್ಜಿ. ಮಕ್ಕಳು ಬೆಂಗಳೂರಲ್ಲೋ ಅಮೆರಿಕದಲ್ಲೋ. ಪಿಂಚಣಿ ಬರುತ್ತದೆ, ಔಷಧಿ ಮನೆಗೇ ಬರುತ್ತದೆ. ಮಾತಾಡುವವರು ಮಾತ್ರ ಬರುವುದಿಲ್ಲ.

ಒಬ್ಬರನ್ನು ಆರಿಸಿದ ಮೇಲೆ ಮಾಡಬೇಕಾದ ಮೊದಲ ಕೆಲಸ ಅವರ ಹೆಸರು ಕೇಳುವುದು. ವರ್ಷಗಟ್ಟಲೆ ನಮ್ಮ ಬೀದಿ ಗುಡಿಸಿದವರ ಹೆಸರು ನಮಗೆ ಗೊತ್ತಿರುವುದಿಲ್ಲ. "ಏನಮ್ಮಾ ನಿಮ್ಮ ಹೆಸರು?" ಅಂತ ಕೇಳಿದ ದಿನ ಅವರ ಮುಖ ಹೇಗಾಗುತ್ತದೆ ಅಂತ ನೀವೇ ನೋಡಿ.

ಅವರಿಗೆ ಇಲ್ಲದ್ದು ಯಾವುದೋ, ನೀವು ಬಿಡುವುದೂ ಅದೇ

ಆ ಪೌರಕಾರ್ಮಿಕ ಮಹಿಳೆಯನ್ನೇ ತೆಗೆದುಕೊಳ್ಳಿ. ಅವರು ಬೆಳಗಿನ ಜಾವ ಎದ್ದು, ಮನೆಯಲ್ಲಿ ಒಂದಿಷ್ಟು ಅನ್ನ ಸಾರು ಮಾಡಿಟ್ಟು, ಬರಿ ಹೊಟ್ಟೆಯಲ್ಲಿ ಬಂದಿರುತ್ತಾರೆ ಅಂತಿಟ್ಟುಕೊಳ್ಳಿ. ಹಾಗಾದರೆ ನೀವು ಬಿಡಬೇಕಾದದ್ದು ಬೆಳಗಿನ ಕಾಫಿ. ಮೈಸೂರಿನವರಿಗೆ ಇದಕ್ಕಿಂತ ಕಠಿಣ ತಪಸ್ಸು ಇಲ್ಲ, ನಿಜ. ಡಿಕಾಕ್ಷನ್ ಇಳಿಯುವ ವಾಸನೆ ಅಡುಗೆಮನೆಯಿಂದ ಬರುತ್ತಿರುತ್ತದೆ. ಎಂಟು ಗಂಟೆಗೆ ತಲೆ ಭಾರ, ಒಂಬತ್ತೂವರೆಗೆ ಹಣೆ ಹಿಡಿದುಕೊಳ್ಳುತ್ತದೆ. ಯಾರೋ ಮಾತಾಡಿಸಿದರೂ ಬೇಜಾರು. ಆಗ ಅವರ ನೆನಪು ಬರುತ್ತದೆ, ಬರಿಸಿಕೊಳ್ಳಬೇಕು. ಈ ತಲೆನೋವು ಇಟ್ಟುಕೊಂಡೇ ಅವರು ಪೊರಕೆ ಹಿಡಿದು ಬಗ್ಗಿ ಏಳುತ್ತಿದ್ದಾರೆ, ಅದರ ಜೊತೆಗೆ ನಾವು ಗೇಟಿನಿಂದಲೇ "ಇಲ್ಲಿ ಸರಿಯಾಗಿ ಗುಡಿಸಿಲ್ಲ" ಅಂತ ಕೂಗುವುದನ್ನೂ ಕೇಳಿಸಿಕೊಳ್ಳುತ್ತಿದ್ದಾರೆ. ನೀವು ಕುಡಿಯದ ಕಾಫಿಯನ್ನು ಫ್ಲಾಸ್ಕಿಗೆ ಹಾಕಿ ಅವರಿಗೆ ಕೊಡಿ. ಮನೆಯವರು ಕುಡಿಯುವ ಲೋಟದಲ್ಲೇ ಕೊಡಿ. ಹೊರಗಿನವರಿಗೆ ಅಂತ ಎತ್ತಿಟ್ಟ ಲೋಟ ನಿಮ್ಮ ಮನೆಯಲ್ಲಿದ್ದರೆ, ಈ ವರ್ಷ ಮೊದಲು ಬಿಡಬೇಕಾದದ್ದು ಆ ಲೋಟವನ್ನು.

ನೀವು ಆರಿಸಿದ್ದು ಒಂಟಿಯಾಗಿರುವ ಅಜ್ಜನನ್ನಾದರೆ ಸಂಜೆಯ ಮೊಬೈಲು ಬಿಡಿ. ಏಳರಿಂದ ಎಂಟರವರೆಗೆ ಫೋನು ಮನೆಯಲ್ಲೇ ಇರಲಿ, ನೀವು ಅವರ ಜಗಲಿಯಲ್ಲಿರಿ. ಹೇಳಿದ ಕತೆಯನ್ನೇ ಹೇಳುತ್ತಾರೆ, ಕೇಳಿ. ಊಟ ಬಿಡಲಾಗದವರಿಗೆ ಬೇರೆ ದಾರಿ ಇದೆ ಅಂದೆನಲ್ಲ, ಇದು ಅಂಥದ್ದು. ಇನ್ನೊಂದು ನೀರು. 2023ರಲ್ಲಿ ಮಳೆ ಕೈಕೊಟ್ಟ ಮೇಲೆ ಬಂದ ಬೇಸಿಗೆ ಮಂಡ್ಯ ಜಿಲ್ಲೆಯ ರೈತರಿಗೆ ಇನ್ನೂ ನೆನಪಿದೆ. ಕೊಡ ಹಿಡಿದು ಟ್ಯಾಂಕರಿಗೆ ಕಾಯುವ ಬೀದಿ ನಿಮಗೆ ಗೊತ್ತಿದ್ದರೆ, ನಲವತ್ತು ದಿನ ಒಂದೇ ಬಕೆಟ್ಟಿನಲ್ಲಿ ಸ್ನಾನ ಮುಗಿಸಿ ನೋಡಿ. ತಲೆಗೆ ಹಾಕಿದ ಸೋಪು ತೊಳೆದುಹೋಗುವ ಮುಂಚೆ ಬಕೆಟ್ಟಿನ ತಳ ಕಾಣುತ್ತದಲ್ಲ, ಆ ಕ್ಷಣಕ್ಕಾಗಿಯೇ ಈ ವ್ರತ.

ಒಂದನ್ನೇ ಬಿಡಿ. ಐದಾರು ಬಿಡಲು ಹೊರಟರೆ ಗಮನವೆಲ್ಲ ಪಟ್ಟಿ ಕಾಯುವುದರಲ್ಲೇ ಹೋಗುತ್ತದೆ.

ಬಿಡುವುದು ಇನ್ನೊಬ್ಬರ ಹತ್ತಿರ ಹೋಗಲು ದಾರಿಯಾಗಬೇಕು ಅನ್ನುವುದಕ್ಕೆ ನಮ್ಮ ಸೀಮೆಯಲ್ಲೇ ಹಳೇ ಉದಾಹರಣೆ ಇದೆ. ಶ್ರೀರಂಗಪಟ್ಟಣದ ಪಕ್ಕದ ಗಂಜಾಂನಲ್ಲಿ ಇನ್ನೂರು ವರ್ಷದ ಹಿಂದೆ ಇದ್ದ ಫ್ರೆಂಚ್ ಗುರು ಆಬೆ ದ್ಯುಬ್ವಾ. ಜನ ಅವರನ್ನು ದೊಡ್ಡ ಸ್ವಾಮಿ ಅಂತ ಕರೆಯುತ್ತಿದ್ದರು. ಅವರು ಈ ನಾಡಿನ ಬಟ್ಟೆ ತೊಟ್ಟರು, ಇಲ್ಲಿನವರ ನಡುವೆ ಬದುಕಲು ಎಷ್ಟೋ ವರ್ಷ ಮಾಂಸ ಬಿಟ್ಟರು. ಸಿಡುಬು ಊರೂರನ್ನೇ ಬಲಿ ತೆಗೆದುಕೊಳ್ಳುತ್ತಿದ್ದ ಕಾಲದಲ್ಲಿ ಅದರ ಲಸಿಕೆಯನ್ನು ಜನಕ್ಕೆ ತಲುಪಿಸಲು ಓಡಾಡಿದರು. ಅವರು ಬರೆದದ್ದನ್ನೆಲ್ಲ ನಾನು ಒಪ್ಪುವುದಿಲ್ಲ. ಆದರೆ ತಟ್ಟೆಯಲ್ಲಿ ಏನಿದೆ ಅನ್ನುವುದು ಒಬ್ಬರ ಮನೆ ಬಾಗಿಲನ್ನು ತೆರೆಯಬಲ್ಲದು, ಮುಚ್ಚಬಲ್ಲದು ಅಂತ ಅವರಿಗೆ ಚೆನ್ನಾಗಿ ಗೊತ್ತಿತ್ತು.

ಉಳಿದ ದುಡ್ಡು ಡಬ್ಬಿಗೆ

2ನೇ ಶತಮಾನದ ಒಂದು ಕ್ರೈಸ್ತ ಬರಹದಲ್ಲೇ ಈ ಮಾತಿದೆ: ಉಪವಾಸದ ದಿನ ನೀನು ತಿನ್ನಬೇಕಿದ್ದ ಊಟಕ್ಕೆ ಎಷ್ಟು ಖರ್ಚಾಗುತ್ತಿತ್ತು ಅಂತ ಲೆಕ್ಕ ಹಾಕು, ಅದನ್ನು ವಿಧವೆಗೋ ತಬ್ಬಲಿಗೋ ಇಲ್ಲದವರಿಗೋ ಕೊಡು. ಅಷ್ಟು ಸರಳ. ಉಪವಾಸದಿಂದ ಉಳಿದದ್ದು ನಮ್ಮ ಜೇಬಿನಲ್ಲೇ ಉಳಿದರೆ ಅದು ಬರೀ ಮಿತವ್ಯಯ.

ಲೆಕ್ಕವನ್ನು ಆ ದಿನವೇ ಮಾಡಿ. ವಾರಕ್ಕೆ ಒಂದು ಕೆಜಿ ಕೋಳಿ ತರುವ ಮನೆ, ಕೆಜಿಗೆ 240 ರೂಪಾಯಿ ಅಂತಿಟ್ಟುಕೊಂಡರೆ ಆರು ವಾರಕ್ಕೆ 1,440. ಒಂದು ಹಳೇ ಡಬ್ಬಿಗೆ ಆಯಾ ಭಾನುವಾರವೇ ನೋಟು ಹಾಕಿ. "ಕೊನೆಗೆ ಒಟ್ಟಿಗೆ ಕೊಡೋಣ" ಅಂದರೆ ಆ ದುಡ್ಡು ಗ್ಯಾಸಿಗೋ ಶಾಲೆ ಫೀಸಿಗೋ ಹೋಗಿರುತ್ತದೆ.

ಒಂದು ವಿಷಯ ಗಟ್ಟಿಯಾಗಿ ಹೇಳಲೇಬೇಕು. ಶುಕ್ರವಾರ ಮಾಂಸ ಬಿಟ್ಟು ಕೋಳಿಗಿಂತ ಮೂರು ಪಟ್ಟು ಬೆಲೆಯ ಅಂಜಲ್ ಮೀನು ತಂದು ಹುರಿಯುವುದು ನಿಯಮಕ್ಕೆ ಸರಿ, ತ್ಯಾಗಕ್ಕೆ ಸರಿಯಲ್ಲ. ಶುಕ್ರವಾರ ಮುದ್ದೆ, ಉಪ್ಸಾರು ಸಾಕು. ನಮ್ಮ ಸೀಮೆಯ ಎಷ್ಟೋ ಮನೆಗಳಲ್ಲಿ ದಿನಾ ಅದೇ ಊಟ, ಅದನ್ನು ಯಾರೂ ತ್ಯಾಗ ಅಂತ ಕರೆಯುವುದಿಲ್ಲ.

ಡಬ್ಬಿಯ ದುಡ್ಡು ಎಲ್ಲಿಗೆ? ನೀವು ಆರಿಸಿದವರಿಗೆ ನೇರವಾಗಿ ಕೊಡುವುದು ಮುಜುಗರ ಅನ್ನಿಸಿದರೆ, ಎಷ್ಟೋ ಚರ್ಚುಗಳಲ್ಲಿ ಸಂತ ವಿನ್ಸೆಂಟ್ ದಿ ಪೌಲ್ ಸಂಘ ಇರುತ್ತದೆ. 1833ರಲ್ಲಿ ಪ್ಯಾರಿಸ್ಸಿನ ಕಾಲೇಜು ಹುಡುಗರು ಶುರು ಮಾಡಿದ ಸಂಘ ಅದು. ಇಲ್ಲದವರ ಮನೆಗೇ ಹೋಗಿ ಕಷ್ಟ ಸುಖ ವಿಚಾರಿಸುವುದು ಅವರ ಪದ್ಧತಿ. ದುಡ್ಡು ಕೊಟ್ಟು ರಸೀದಿ ತೆಗೆದುಕೊಂಡು ಬಂದುಬಿಡಬೇಡಿ. "ಮುಂದಿನ ಸಲ ಮನೆಗಳಿಗೆ ಹೋಗುವಾಗ ನನ್ನನ್ನೂ ಕರೀರಿ" ಅನ್ನಿ.

ಹಸಿವಾದಾಗ ಏನು ಮಾಡಬೇಕು

ಇಡೀ ತಪಸ್ಸು ಕಾಲದ ಕೆಲಸ ನಡೆಯುವುದು ಆ ಒಂದೆರಡು ಗಂಟೆಗಳಲ್ಲಿ. ಬೆಳಿಗ್ಗೆ ಹನ್ನೊಂದು, ಹನ್ನೊಂದೂವರೆ. ಪಕ್ಕದ ಮನೆಯಿಂದ ಒಗ್ಗರಣೆ ವಾಸನೆ. ಹೊಟ್ಟೆ ಕರಕರ ಅನ್ನುತ್ತದೆ, ಕೈ ತಾನಾಗೇ ಬಿಸ್ಕತ್ತಿನ ಡಬ್ಬಿ ಕಡೆ ಹೋಗುತ್ತದೆ. ಆಗ ಸಾಮಾನ್ಯವಾಗಿ ಎಲ್ಲರೂ ಮನಸ್ಸನ್ನು ಬೇರೆ ಕಡೆ ತಿರುಗಿಸಲು ನೋಡುತ್ತಾರೆ, ಫೋನು ಹಿಡಿಯುತ್ತಾರೆ. ಬೇಡ. ಎರಡು ನಿಮಿಷ ಆ ಹಸಿವಿನ ಜೊತೆಗೇ ಕೂತುಕೊಳ್ಳಿ. ಅದು ನಿಮ್ಮ ದೇಹಕ್ಕೆ ಏನು ಮಾಡುತ್ತಿದೆ ನೋಡಿ. ಗಮನ ಹರಿಯುವುದಿಲ್ಲ, ಕೈ ಸ್ವಲ್ಪ ನಡುಗುತ್ತದೆ, ಸಣ್ಣ ಲೆಕ್ಕವೂ ತಪ್ಪುತ್ತದೆ. ತರಗತಿಯಲ್ಲಿ ತೂಕಡಿಸುವ ಮಗುವಿಗೆ "ಸೋಮಾರಿ" ಅಂದಿದ್ದು, ಕೆಲಸಕ್ಕೆ ಬಂದವರು ನಿಧಾನ ಮಾಡಿದರೆ ಗೊಣಗಿದ್ದು ನೆನಪಿಗೆ ಬಂದರೆ ಬರಲಿ.

ಆಮೇಲೆ ನೀವು ಆರಿಸಿದವರ ಹೆಸರು ಹೇಳಿ ಒಂದು ಸಣ್ಣ ಪ್ರಾರ್ಥನೆ. ಉದ್ದ ಬೇಡ.

ಒಂದು ವ್ಯತ್ಯಾಸವನ್ನು ಮಾತ್ರ ಮರೆಯಬೇಡಿ. ನಮ್ಮ ಹಸಿವು ಎಷ್ಟು ಹೊತ್ತಿಗೆ ಮುಗಿಯುತ್ತದೆ ಅಂತ ನಮಗೆ ಗೊತ್ತು. ಅಡುಗೆಮನೆಯಲ್ಲಿ ಅಕ್ಕಿ ಇದೆ, ಫ್ರಿಜ್ಜಿನಲ್ಲಿ ಮೊಸರಿದೆ, ಒಂದು ಗಂಟೆಯಾದರೆ ತಟ್ಟೆ ಹಾಕುತ್ತೇವೆ. ಇಲ್ಲದವರ ಹಸಿವಿನ ಜೊತೆ ಭಯ ಇರುತ್ತದೆ. ರಾತ್ರಿಗೆ ಇದೆಯಾ, ಮಕ್ಕಳಿಗೆ ನಾಳೆಗೆ ಇದೆಯಾ ಅನ್ನುವ ಭಯ. ಅದನ್ನು ನಾವು ಉಪವಾಸದಿಂದ ಅನುಭವಿಸಲಾಗುವುದಿಲ್ಲ. ಹಾಗಾಗಿ ಯಾರ ಮುಂದೆಯೂ "ನಿಮ್ಮ ಕಷ್ಟ ನನಗೆ ಅರ್ಥವಾಗುತ್ತೆ, ನಾನೂ ಉಪವಾಸ ಇದ್ದೀನಿ" ಅನ್ನಬೇಡಿ. ಬಡತನದ ವೇಷವೂ ಬೇಡ. ಇಂದಿರಾ ಕ್ಯಾಂಟೀನಿನಲ್ಲಿ ತಿಂಡಿಗೆ 5 ರೂಪಾಯಿ, ಊಟಕ್ಕೆ 10 ರೂಪಾಯಿ ಅಂತ ನಿಗದಿ ಮಾಡಿರುವುದು ಅದು ಬೇಕಾದವರಿಗಾಗಿ. ಅನುಭವಕ್ಕೆ ಅಂತ ಹೋಗಿ ಸಾಲಿನಲ್ಲಿ ನಿಂತು ಒಬ್ಬರ ಪಾಲಿನ ತಟ್ಟೆ ತೆಗೆದುಕೊಳ್ಳುವುದು ಸರಿಯಲ್ಲ.

ನಿಮ್ಮ ಉಪವಾಸ ಮನೆಯವರ ಮೇಲೆ ಬೀಳಬಾರದು

ಬೂದಿ ಬುಧವಾರ ಕಳೆದ ಮೇಲಿನ ಶುಕ್ರವಾರ ಪೂಜೆಯಲ್ಲಿ ಬೈಬಲಿನ ಪ್ರವಾದಿ ಯೆಶಾಯನ ಗ್ರಂಥದ 58ನೇ ಅಧ್ಯಾಯ ಓದುತ್ತಾರೆ. ಗಮನವಿಟ್ಟು ಕೇಳಿ. ಉಪವಾಸ ಮಾಡುತ್ತಲೇ ಕೂಲಿಯವರನ್ನು ಹಿಂಡುತ್ತೀರಿ, ಉಪವಾಸ ಮಾಡುತ್ತಲೇ ಜಗಳ ಆಡುತ್ತೀರಿ ಅಂತ ಪ್ರವಾದಿ ನೇರವಾಗಿ ಬೈಯುತ್ತಾನೆ. ಹಸಿದವರ ಜೊತೆ ರೊಟ್ಟಿ ಹಂಚಿಕೊಳ್ಳುವುದೇ ದೇವರು ಮೆಚ್ಚುವ ಉಪವಾಸ ಅನ್ನುತ್ತಾನೆ.

ಇದನ್ನು ಮನೆಯಿಂದಲೇ ಪಾಲಿಸಬೇಕು. ಮನೆಗೆಲಸಕ್ಕೆ ಬರುವವರಿಗೆ ಸಂಬಳ ಒಂದನೇ ತಾರೀಕಿಗೇ ಕೊಡಿ. ಅವರು ಜ್ವರ ಅಂತ ಎರಡು ದಿನ ಬರದಿದ್ದರೆ ಆ ದುಡ್ಡು ಹಿಡಿಯಬೇಡಿ. ಸಂಬಳ ಏರಿಸಿ ಎಷ್ಟು ವರ್ಷವಾಯಿತು ಅಂತ ಯೋಚಿಸಿ, ಈ ತಪಸ್ಸು ಕಾಲದಲ್ಲೇ ಏರಿಸಿ. ನನ್ನನ್ನು ಕೇಳಿದರೆ, ಇದೊಂದನ್ನು ಮಾಡಿ ಬೇರೇನೂ ಬಿಡದಿದ್ದರೂ ನಿಮ್ಮ ತಪಸ್ಸು ಕಾಲ ವ್ಯರ್ಥವಾಗಲಿಲ್ಲ.

ಗಂಡಸರಿಗೆ ಒಂದು ಮಾತು. ನೀವು ಮಾಂಸ ಬಿಟ್ಟಿರಿ, ಮಕ್ಕಳು ಬಿಟ್ಟಿಲ್ಲ. ಹೆಂಡತಿ ನಿಮಗೊಂದು ಸಾರು, ಮಕ್ಕಳಿಗೊಂದು ಸಾರು ಮಾಡಬೇಕು. ಅಂದರೆ ವ್ರತ ನಿಮ್ಮದು, ಕಷ್ಟ ಅವರದ್ದು. ನಿಮ್ಮ ಒಪ್ಪತ್ತಿನ ಅಡುಗೆ ನೀವೇ ಮಾಡಿಕೊಳ್ಳಿ, ಪಾತ್ರೆಯನ್ನೂ ತೊಳೆದಿಡಿ. ಖಾಲಿ ಹೊಟ್ಟೆಯಲ್ಲಿ ಸಿಟ್ಟು ಬರುತ್ತದೆ ಅನ್ನುವವರು ಊಟ ಮಾಡಿ ಸಿಟ್ಟನ್ನು ಬಿಡಿ.

ಮಕ್ಕಳಿಗೆ ಒತ್ತಾಯ ಬೇಡ. ಅವರು ಚಾಕೊಲೇಟ್ ಬಿಟ್ಟರೆ ಆ ಹತ್ತು ರೂಪಾಯಿ ಅವರ ಕೈಯಿಂದಲೇ ಡಬ್ಬಿಗೆ ಹೋಗಲಿ, ಅದು ಯಾರಿಗೆ ಅಂತ ಅವರಿಗೆ ಗೊತ್ತಿರಲಿ. ಅಷ್ಟು ಸಾಕು.

ಹೋಗಿ ಪಕ್ಕದಲ್ಲಿ ಕೂರುವುದು

ನಲವತ್ತು ದಿನಗಳಲ್ಲಿ ಒಂದು ಸಲವಾದರೂ ನೀವು ಆರಿಸಿದವರ ಜೊತೆ, ಅಥವಾ ಅಂಥವರ ಜೊತೆ ಕೂತು ಉಣ್ಣಬೇಕು. ಎಲ್ಲಿಗೆ ಹೋಗಬೇಕು ಗೊತ್ತಾಗದಿದ್ದರೆ ಮೈಸೂರಿನಲ್ಲಿ ಕೆ.ಆರ್. ಆಸ್ಪತ್ರೆ ಇದೆ. ಎಚ್.ಡಿ. ಕೋಟೆ, ಚಾಮರಾಜನಗರ, ಮಳವಳ್ಳಿ ಕಡೆಯಿಂದೆಲ್ಲ ಅಲ್ಲಿಗೆ ಬರುತ್ತಾರೆ. ರೋಗಿ ಒಳಗೆ ವಾರ್ಡಿನಲ್ಲಿ. ನೋಡಿಕೊಳ್ಳಲು ಬಂದವರು ಹೊರಗೆ ಮರದ ಕೆಳಗೆ, ಒಂದು ಚಾಪೆ, ಒಂದು ಬಕೆಟ್ಟು, ಒಂದು ಚೀಲ. ರೋಗಿಗೆ ಆಸ್ಪತ್ರೆ ಊಟ ಸಿಗುತ್ತದೆ, ಇವರಿಗೆ ಇವರದ್ದೇ ದಾರಿ.

ಅಲ್ಲಿ ನಾನು ಕಂಡದ್ದನ್ನು ಹೇಳುತ್ತೇನೆ, ಇದು ನಿಮಗೆ ಉಪಯೋಗಕ್ಕೆ ಬರುತ್ತದೆ. ಮರದ ಬುಡದಲ್ಲಿ ಕೂತಿದ್ದ ಒಬ್ಬರನ್ನು "ಊಟ ಆಯ್ತಾ ಅಣ್ಣ?" ಅಂತ ಕೇಳಿದೆ. "ಆಯ್ತು ಕಣಕ್ಕ, ನಿಮ್ದಾಯ್ತಾ?" ಅಂದರು ತಕ್ಷಣ. ಪಕ್ಕದಲ್ಲಿ ಅನ್ನದ ಪೊಟ್ಟಣ ಇತ್ತು, ದಾರ ಬಿಚ್ಚಿರಲಿಲ್ಲ. ಸ್ವಲ್ಪ ಹೊತ್ತು ಮಾತಾಡಿದ ಮೇಲೆ ಗೊತ್ತಾಯಿತು, ಅದು ರಾತ್ರಿಗೆ. ಮಗಳು ಒಳಗಿದ್ದಾಳೆ, ಮಗಳ ಜೊತೆಗಿರುವ ಹೆಂಡತಿ ಕೆಳಗಿಳಿದು ಬಂದಾಗ ಇಬ್ಬರೂ ಹಂಚಿಕೊಂಡು ತಿನ್ನಲು. ಮಧ್ಯಾಹ್ನದ್ದು? ಮಧ್ಯಾಹ್ನದ್ದು ಆಗಿರಲಿಲ್ಲ.

ನಮ್ಮ ಕಡೆ ಊಟ ಆಯ್ತಾ ಅಂತ ಕೇಳಿದರೆ ಹಸಿದವರೂ ಆಯ್ತು ಅಂತಲೇ ಹೇಳುತ್ತಾರೆ. ಮರ್ಯಾದೆ ಅದು. ಆದ್ದರಿಂದ ಹಾಗೆ ಕೇಳಿ ಸಮಾಧಾನ ಮಾಡಿಕೊಂಡು ಮುಂದೆ ಹೋಗಬೇಡಿ. ನಿಮ್ಮ ಒಪ್ಪತ್ತಿನ ಊಟವನ್ನು ಅಲ್ಲಿಗೇ ತೆಗೆದುಕೊಂಡು ಹೋಗಿ, ಮೂರು ನಾಲ್ಕು ಜನಕ್ಕಾಗುವಷ್ಟು. "ನಂದೂ ಇನ್ನೂ ಆಗಿಲ್ಲ ಅಣ್ಣ, ಒಬ್ಬಳೇ ಹೇಗೆ ತಿನ್ನಲಿ, ಬನ್ನಿ" ಅನ್ನಿ. ಅದು ಸುಳ್ಳೂ ಅಲ್ಲ, ನೀವು ನಿಜವಾಗಿ ಹಸಿದಿರುತ್ತೀರಿ. ನಿಮ್ಮ ಉಪವಾಸ ಕೆಲಸಕ್ಕೆ ಬರುವುದು ಅಲ್ಲಿ. ಕೊಡುವವರು, ತೆಗೆದುಕೊಳ್ಳುವವರು ಅನ್ನುವ ಅಂತರ ಸ್ವಲ್ಪ ಕಡಿಮೆಯಾಗುತ್ತದೆ, ಇಬ್ಬರೂ ಉಣ್ಣುವವರಾಗುತ್ತಾರೆ.

ಫೋಟೋ ತೆಗೆಯಬೇಡಿ. ಪ್ರಾರ್ಥನೆ ಚೀಟಿ, ಸ್ವರೂಪದ ಪಟ ಹಂಚಬೇಡಿ. ಕಷ್ಟದಲ್ಲಿರುವವರ ಮುಂದೆ ಅನ್ನದ ಜೊತೆ ಧರ್ಮವನ್ನೂ ಇಟ್ಟರೆ ಅವರು ಅನ್ನವನ್ನೂ ಅನುಮಾನದಿಂದ ನೋಡುತ್ತಾರೆ, ನೋಡಬೇಕಾದ್ದೇ. ಬಲಗೈ ಕೊಟ್ಟದ್ದು ಎಡಗೈಗೆ ಗೊತ್ತಾಗದ ಹಾಗೆ ಕೊಡು ಅಂತ ಯೇಸು ಹೇಳಿದ್ದನ್ನು ಬೂದಿ ಬುಧವಾರದ ಶುಭಸಂದೇಶದಲ್ಲೇ ಕೇಳಿಸಿಕೊಂಡು ಬಂದಿದ್ದೇವೆ, ಅಲ್ವಾ?

ಮಧ್ಯದಲ್ಲಿ ಉತ್ಸಾಹ ಇಳಿದರೆ

ಇಳಿಯುತ್ತದೆ. ಮೂರನೇ ವಾರದ ಹೊತ್ತಿಗೆ ಬಿಸಿಲು ಏರಿರುತ್ತದೆ, ಮಕ್ಕಳ ಪರೀಕ್ಷೆ, ಮದುವೆ ಮನೆಗಳ ಕರೆ. ಮಂಡ್ಯದ ಬೀಗರ ಊಟಕ್ಕೆ ಹೋಗಿ ಬರೀ ಮೊಸರನ್ನ ತಿಂದು ಬರುವುದು ಸುಲಭವಲ್ಲ. ಒಂದು ದಿನ ತಪ್ಪಿದರೆ ಮಾರನೇ ದಿನ ಮತ್ತೆ ಶುರು ಮಾಡಿ. ಕರೆದವರ ಮನಸ್ಸು ನೋಯಿಸುವ ಹಾಗಿದ್ದರೆ ಅವರು ಬಡಿಸಿದ್ದನ್ನು ತಿಂದು, ಅದರ ಬದಲು ಇನ್ನೊಂದು ದಿನ ಬಿಡಿ.

ಆ ಹೊತ್ತಿನಲ್ಲಿ ಶುಕ್ರವಾರದ ಶಿಲುಬೆ ಹಾದಿಗೆ, ಅಂದರೆ ಯೇಸು ಶಿಲುಬೆ ಹೊತ್ತು ನಡೆದ ದಾರಿಯನ್ನು ಸ್ಥಳ ಸ್ಥಳದಲ್ಲಿ ನಿಂತು ನೆನೆಯುವ ಪ್ರಾರ್ಥನೆಗೆ ಹೋಗಿ ಐದನೇ ಸ್ಥಳದಲ್ಲಿ ಸ್ವಲ್ಪ ನಿಲ್ಲಿ. ಸಿರೇನಿನ ಸಿಮೋನ ತಾನಾಗಿ ಬಂದು ಶಿಲುಬೆಗೆ ಹೆಗಲು ಕೊಟ್ಟವನಲ್ಲ. ದಾರಿಯಲ್ಲಿ ಹೋಗುತ್ತಿದ್ದವನನ್ನು ಸಿಪಾಯಿಗಳು ಬಲವಂತವಾಗಿ ಹಿಡಿದು ಹೊರಿಸಿದರು. ಮನಸ್ಸಿಲ್ಲದೆ ಹೊತ್ತರೂ ಯೇಸುವಿನ ಭಾರ ಅಷ್ಟರ ಮಟ್ಟಿಗೆ ಕಡಿಮೆಯಾಯಿತು. ನಿಮಗೆ ಭಕ್ತಿ ಬರದ ದಿನವೂ ಆ ಅಜ್ಜನ ಜಗಲಿಗೆ ಹೋಗಿ ಕೂರಿ. ಅವರಿಗೆ ಬೇಕಾದದ್ದು ನೀವು, ನಿಮ್ಮ ಭಕ್ತಿಯಲ್ಲ.

ಪವಿತ್ರ ವಾರ, ಆಮೇಲೆ ಹಬ್ಬ

ಶುಭ ಶುಕ್ರವಾರದ ಹಿಂದಿನ ದಿನ, ಪವಿತ್ರ ಗುರುವಾರ, ಚರ್ಚಿನಲ್ಲಿ ಪಾದ ತೊಳೆಯುವ ವಿಧಿ ಇರುತ್ತದೆ. 2016ರಿಂದ ಹೆಂಗಸರ ಪಾದವನ್ನೂ ತೊಳೆಯಬಹುದು ಅಂತ ನಿಯಮವೇ ಬದಲಾಗಿದೆ. ಅದನ್ನು ನೋಡಿ ಬಂದರೆ ಸಾಲದು. ನಿಮ್ಮ ಮನೆಯಲ್ಲೋ ಬೀದಿಯಲ್ಲೋ ಬಗ್ಗಲಾಗದ ವಯಸ್ಸಾದವರು ಇರುತ್ತಾರೆ. ಅವರ ಕಾಲುಗುರು ನೋಡಿ. ದಪ್ಪವಾಗಿ, ಹಳದಿಯಾಗಿ, ಬೆರಳಿಗೆ ಒತ್ತುತ್ತಿರುತ್ತದೆ. ತಾವೇ ಕತ್ತರಿಸಿಕೊಳ್ಳಲು ಕೈ ಎಟಕುವುದಿಲ್ಲ, ಇನ್ನೊಬ್ಬರಿಗೆ ಹೇಳಲು ನಾಚಿಕೆ. ಒಂದು ಬೇಸಿನ್ನಿನಲ್ಲಿ ಬೆಚ್ಚಗಿನ ನೀರು, ಸ್ವಲ್ಪ ಉಪ್ಪು. ಹತ್ತು ನಿಮಿಷ ಕಾಲು ನೆನೆಯಲಿ, ಉಗುರು ಮೆತ್ತಗಾಗುತ್ತದೆ. ನೆಲದ ಮೇಲೆ ಕೂತು, ಅವರ ಪಾದವನ್ನು ಮಡಿಲಲ್ಲಿಟ್ಟುಕೊಂಡು, ನಿಧಾನವಾಗಿ ನೇರಕ್ಕೆ ಕತ್ತರಿಸಿ. ಮೂಲೆಗಳನ್ನು ಕೊರೆಯಬೇಡಿ. ಬೆರಳ ಸಂದಿಯನ್ನೂ ಒರೆಸಿ, ಕೊಬ್ಬರಿ ಎಣ್ಣೆ ಸವರಿ. ಸಕ್ಕರೆ ಕಾಯಿಲೆಯವರಾದರೆ ತೊಳೆದು ಒರೆಸುವುದಷ್ಟೇ ಮಾಡಿ. ನೀರು ಬಿಸಿಯಿದೆಯಾ ಅಂತ ನಿಮ್ಮ ಮೊಣಕೈ ಅದ್ದಿ ನೋಡಿ, ನೆನೆಯಲು ಬಿಡಬೇಡಿ, ಉಗುರಿನ ಕೆಲಸ ಡಾಕ್ಟರಿಗೆ ಅಥವಾ ನರ್ಸಿಗೆ ಬಿಡಿ.

ಶುಭ ಶುಕ್ರವಾರ ಉಪವಾಸ, ಗಂಜಿ. ಅದರ ಬಗ್ಗೆ ಹೊಸದಾಗಿ ಹೇಳುವುದೇನೂ ಇಲ್ಲ.

ಈಸ್ಟರ್ ಊಟದ ತಯಾರಿಯನ್ನು ಅದರ ಹಿಂದಿನ ಭಾನುವಾರ, ಗರಿಗಳ ಭಾನುವಾರವೇ ಶುರು ಮಾಡಿ, ಯಾಕೆಂದರೆ ದುಡ್ಡಿನ ಡಬ್ಬಿ ಬಿಚ್ಚಬೇಕಾದದ್ದು ಹಬ್ಬಕ್ಕೆ 'ಮುಂಚೆ'. ನಮ್ಮ ಮುಸ್ಲಿಂ ನೆರೆಯವರನ್ನು ನೋಡಿ, ಫಿತ್ರಾ ಅನ್ನುವ ದಾನವನ್ನು ಈದ್ ನಮಾಜಿಗೆ ಹೋಗುವ ಮುಂಚೆಯೇ ಕೊಟ್ಟುಬಿಡುತ್ತಾರೆ. ಇಲ್ಲದವರ ಮನೆಯಲ್ಲೂ ಅವತ್ತೇ ಹಬ್ಬ ಆಗಬೇಕು ಅನ್ನುವುದಕ್ಕೆ. ನಾವು ಮಾತ್ರ ಹಬ್ಬದೂಟ ಮುಗಿಸಿ, ಉಳಿದ ಪಲಾವನ್ನು ಸಂಜೆ ಡಬ್ಬಿಗೆ ಹಾಕಿ ಕೊಟ್ಟು ಕಳಿಸುತ್ತೇವೆ. ಈ ಸಲ ಹಾಗೆ ಮಾಡಬೇಡಿ. ನೀವು ಆರಿಸಿದವರು ಏನು ತಿನ್ನುತ್ತಾರೆ, ಮನೆಯಲ್ಲಿ ಎಷ್ಟು ಜನ ಅಂತ ಮೊದಲೇ ಕೇಳಿ. ಮಾಂಸ ತಿನ್ನದವರಾದರೆ ಬೇಳೆ, ಬೆಲ್ಲ, ತುಪ್ಪ. ತಿನ್ನುವವರಾದರೆ ಅಕ್ಕಿ, ಎಣ್ಣೆ, ಈರುಳ್ಳಿ, ಬೆಳ್ಳುಳ್ಳಿ, ಕೊಬ್ಬರಿ, ಮತ್ತು ಕೋಳಿಗೆ ದುಡ್ಡು. ಅವರಿಗೆ ಅದು ಹಬ್ಬವೇ ಅಲ್ಲದಿದ್ದರೂ ಭಾನುವಾರ ಮಕ್ಕಳೆಲ್ಲ ಮನೆಯಲ್ಲೇ ಇರುತ್ತಾರೆ. ಅಡುಗೆ ಮಾಡಿ ಕಳಿಸಬೇಡಿ, ಅವರ ಕೈರುಚಿ ಅವರಿಗಿದೆ. ಶನಿವಾರ ಸಂಜೆ ಆರರೊಳಗೆ ತಲುಪಿಸಿ, ರಾತ್ರಿ ಪೂಜೆಗೆ ಹೊರಡುವ ಮುಂಚೆ. ತಡವಾದರೆ ಅಂಗಡಿಗಳು ಮುಚ್ಚಿರುತ್ತವೆ, ಒಂದು ಸಾಮಾನು ಕಡಿಮೆ ಬಿದ್ದರೂ ತರಲಾಗುವುದಿಲ್ಲ.